ಕೂಡಿದ ಮೂಳೆಯ ಸಾಕ್ಷ್ಯ

ನಾಗರಿಕತೆಯ ಮೊದಲ ಕುರುಹು ಯಾವುದು ಎಂದು ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಅವರನ್ನು ಯಾರೋ ಕೇಳಿದರಂತೆ. ಮಡಕೆಯೋ ಬೀಸುಕಲ್ಲೋ ಎಂಬ ಉತ್ತರಕ್ಕೆ ಕಾದಿದ್ದವರಿಗೆ ಆಕೆ, ಮುರಿದು ಮತ್ತೆ ಕೂಡಿಕೊಂಡ ಒಂದು ತೊಡೆಮೂಳೆ ಎಂದರಂತೆ. ಕಾಡಿನಲ್ಲಿ ಕಾಲು ಮುರಿದುಕೊಂಡ ಪ್ರಾಣಿ ನೀರಿನ ಬಳಿಗೆ ಹೋಗಲಾರದು, ಆಹಾರ ಹುಡುಕಲಾರದು, ಮೂಳೆ ಕೂಡುವ ಮೊದಲೇ ಇನ್ನೊಂದು ಪ್ರಾಣಿಯ ಪಾಲಾಗುತ್ತದೆ. ಕೂಡಿದ ಮೂಳೆ ಸಿಕ್ಕಿದೆಯೆಂದರೆ, ಬಿದ್ದವನ ಪಕ್ಕದಲ್ಲಿ ಯಾರೋ ಕೂತಿದ್ದರು, ಅವನನ್ನು ಹೊತ್ತರು, ಅವನಿಗೆ ಉಣಿಸಿದರು ಎಂದರ್ಥ. 2020ರ ಕೊರೊನಾ ದಿನಗಳಲ್ಲಿ ಈ ಕಥೆ ಜಗತ್ತನ್ನೆಲ್ಲ ಸುತ್ತಿತು. ಈಗಲೂ ವೈದ್ಯರ ಸಮಾರಂಭಗಳಲ್ಲಿ, ಬೀಳ್ಕೊಡುಗೆ ಭಾಷಣಗಳಲ್ಲಿ ಅದು ಕೇಳಿಬರುತ್ತದೆ. ಚಂದದ ಕಥೆ, ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಇದರ ಮೂಲ ಹುಡುಕಿಕೊಂಡು ಹೋದರೆ ನಾವು ಮುಟ್ಟುವುದು ಮೀಡ್ ಅವರ ಯಾವುದೇ ಗ್ರಂಥವನ್ನಲ್ಲ. ಹುಡುಕಿದವರಿಗೆ ಅವರ ಬರಹಗಳಲ್ಲಿ ಈ ಮಾತು ಸಿಕ್ಕಿಲ್ಲ. ಸಿಕ್ಕಿರುವುದು 1980ರಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು ಫಿಲಿಪ್ ಯಾನ್ಸಿ ಜೊತೆ ಸೇರಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ. ಬ್ರ್ಯಾಂಡ್ ನಮಗೆ ದೂರದವರಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಕುಷ್ಠರೋಗದಿಂದ ಮುದುಡಿಹೋದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಿದ ವೈದ್ಯ ಅವರು. ಮೀಡ್ ಅವರ ಉಪನ್ಯಾಸವೊಂದರಲ್ಲಿ ಇದನ್ನು ಕೇಳಿದ್ದಾಗಿ ಅವರು ನೆನಪಿನಿಂದ ಬರೆದರು. ಆ ಹೊತ್ತಿಗೆ ಮೀಡ್ ತೀರಿಕೊಂಡು ಎರಡು ವರ್ಷವಾಗಿತ್ತು. ಆದರೆ 1968ರಲ್ಲಿ ಅಚ್ಚಾದ ಒಂದು ಸಂದರ್ಶನದಲ್ಲಿ ಮೀಡ್ ಅವರಿಗೆ ಹೆಚ್ಚುಕಡಿಮೆ ಇದೇ ಪ್ರಶ್ನೆ ಎದುರಾಗಿತ್ತು. ಅಲ್ಲಿ ಅವರು ಹೇಳಿದ್ದು ದೊಡ್ಡ ನಗರಗಳು, ವಿಸ್ತಾರವಾದ ಶ್ರಮವಿಭಜನೆ, ದಾಖಲೆ ಇಡುವ ಪದ್ಧತಿ ಎಂಬ ಪಠ್ಯಪುಸ್ತಕದ ಉತ್ತರವನ್ನೇ. ತೊಡೆಮೂಳೆಯ ಸುಳಿವೂ ಅದರಲ್ಲಿಲ್ಲ.

ಬ್ರ್ಯಾಂಡ್ ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆ. ಆ ಮೂಳೆ ಯಾವ ಗುಹೆಯದು, ಯಾವ ಮ್ಯೂಸಿಯಂನಲ್ಲಿದೆ, ಯಾರು ಪರೀಕ್ಷಿಸಿದರು ಎಂಬುದಕ್ಕೆ ಕಥೆಯ ಯಾವ ರೂಪದಲ್ಲೂ ಉತ್ತರವಿಲ್ಲ. ಆಮೇಲಿನ ಕೆಲವು ರೂಪಗಳು ಅದಕ್ಕೆ 15,000 ವರ್ಷದ ವಯಸ್ಸನ್ನು ಕೊಟ್ಟಿವೆ, ವಿಳಾಸವನ್ನು ಕೊಟ್ಟಿಲ್ಲ. ಹೇಳಿದವರು ಯಾರಾದರೇನು, ನೀತಿ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಮೂಳೆಗೆ ಅದು ಆಡದ ಮಾತನ್ನು ಆಡಿಸಿ ಪಡೆದ ನೀತಿ ಅಷ್ಟು ಒಳ್ಳೆಯದೇನಲ್ಲ ಎಂಬುದೇ ಈ ಲೇಖನದ ವಾದ.

ಮೊದಲು ಮೂಳೆ ನಿಜವಾಗಿ ಏನು ಹೇಳುತ್ತದೆ ನೋಡೋಣ. ಅಗೆತದಲ್ಲಿ ಸಿಗುವ ಮುರಿದ ಮೂಳೆಗಳಲ್ಲಿ ಬಹಳಷ್ಟು ಮುರಿದಿರುವುದು ಸತ್ತ ಮೇಲೆ, ಮಣ್ಣಿನ ಭಾರಕ್ಕೋ ಬೇರಿಗೋ ಅಗೆಯುವವರ ಹಾರೆಗೋ ಸಿಕ್ಕಿ. ಒಣಗಿದ ಮೂಳೆ ಒಣಕಟ್ಟಿಗೆಯಂತೆ ಅಡ್ಡಡ್ಡ, ಒರಟಾಗಿ ಮುರಿಯುತ್ತದೆ. ಮುರಿದ ಜಾಗ ಉಳಿದ ಮೈಗಿಂತ ಬಿಳಿಚಿಕೊಂಡಿರುತ್ತದೆ. ಜೀವವಿದ್ದಾಗ ಮುರಿದದ್ದು ಹಸಿ ಕೊಂಬೆಯಂತೆ, ಓರೆಯಾಗಿ, ಚೂಪಾಗಿ ಸೀಳಿರುತ್ತದೆ. ಆ ಅಂಚಿನ ಬಣ್ಣ ಉಳಿದ ಮೂಳೆಯ ಬಣ್ಣವೇ. ಏಟು ಬಿದ್ದ ಮೇಲೂ ಮನುಷ್ಯ ಬದುಕಿದ್ದರೆ ದೇಹ ಕೆಲಸ ಶುರುಮಾಡುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಚೂಪಾದ ಅಂಚುಗಳು ಒಂದೆರಡು ವಾರದಲ್ಲಿ ಸವೆದು ದುಂಡಗಾಗತೊಡಗುತ್ತವೆ, ಮುರಿದ ಜಾಗದ ಸುತ್ತ ಒರಟಾದ, ರಂಧ್ರಗಳಿರುವ ಹೊಸ ಮೂಳೆ ಗಂಟಿನಂತೆ ಬೆಳೆಯುತ್ತದೆ. ವಯಸ್ಕರ ತೊಡೆಮೂಳೆ ಗಟ್ಟಿಯಾಗಿ ಕೂಡಲು ಮೂರು ತಿಂಗಳಾದರೂ ಬೇಕು. ಆಮೇಲೆ ವರ್ಷಗಟ್ಟಲೆ ದೇಹ ಆ ಗಂಟನ್ನು ಕೆತ್ತಿ ನಯಗೊಳಿಸುತ್ತಲೇ ಇರುತ್ತದೆ. ಮಕ್ಕಳಲ್ಲಂತೂ ಕೆಲವೊಮ್ಮೆ ಗುರುತೇ ಅಳಿದುಹೋಗಿ, ಎಕ್ಸ್‌ರೇಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಈ ವಿದ್ಯೆಗೆ ಇಲ್ಲೇ ಒಂದು ಮಿತಿಯಿದೆ. ಏಟು ತಿಂದು ನಾಲ್ಕು ದಿನಕ್ಕೆ ಸತ್ತವನ ಮೂಳೆಯೂ ಏಟು ಬಿದ್ದ ಕ್ಷಣದಲ್ಲೇ ಸತ್ತವನ ಮೂಳೆಯೂ ಒಂದೇ ಥರ ಕಾಣುತ್ತವೆ. ಕೂಡಿದ ಮೂಳೆ, ಏಟಿನ ನಂತರ ಇವನು ಇಷ್ಟು ವಾರ ಅಥವಾ ಇಷ್ಟು ವರ್ಷ ಬದುಕಿದ್ದ ಎಂದಷ್ಟೇ ಹೇಳುತ್ತದೆ. ಮೂಳೆ ನೆಟ್ಟಗೆ ಕೂಡಿದ್ದರೆ ದಬ್ಬೆ ಕಟ್ಟಿದ್ದರು ಎಂದು ಹೇಳಲು ಬರುವುದಿಲ್ಲ, ಅದೃಷ್ಟವೂ ಇರಬಹುದು. ತುದಿಗಳು ಒಂದರ ಮೇಲೊಂದು ಏರಿ, ಕಾಲು ಗಿಡ್ಡವಾಗಿ ಕೂಡಿದ್ದರೆ ಯಾರೂ ನೋಡಿಕೊಳ್ಳಲಿಲ್ಲ ಎಂದೂ ಅಲ್ಲ. ತೊಡೆಯ ಸ್ನಾಯುಗಳ ಎಳೆತ ಎಷ್ಟೆಂಬುದು ಮೂಳೆ ಕಟ್ಟುವ ನಮ್ಮ ನಾಟಿ ವೈದ್ಯರಿಗೆ ಚೆನ್ನಾಗಿ ಗೊತ್ತು. ಪಕ್ಕದಲ್ಲಿ ಹತ್ತು ಜನ ಕೂತರೂ ಎಳೆದು ಕಟ್ಟುವ ವಿದ್ಯೆ ಇಲ್ಲದಿದ್ದರೆ ಕಾಲು ಗಿಡ್ಡವಾಗಿಯೇ ಕೂಡುತ್ತದೆ.

ಇನ್ನು ಕಾಡಿನ ಪ್ರಾಣಿಯ ವಿಷಯ. 1937ರಲ್ಲಿ ಅಂದಿನ ಸಿಯಾಮ್, ಅಂದರೆ ಇಂದಿನ ಥಾಯ್ಲೆಂಡ್‌ಗೆ ಹೋದ ಸಂಶೋಧಕರ ತಂಡದಲ್ಲಿದ್ದ ಅಡಾಲ್ಫ್ ಶುಲ್ಟ್ಜ್ ಕಾಡಿನ ಗಿಬ್ಬನ್ ವಾನರಗಳ ಅಸ್ಥಿಪಂಜರಗಳನ್ನು ಪರೀಕ್ಷಿಸಿದರು. ಮರದಿಂದ ಮರಕ್ಕೆ ತೂಗಿ ಹಾರುವ ಈ ವಾನರಗಳು ಬೀಳುವುದೂ ಹೆಚ್ಚು. ವಯಸ್ಕ ಗಿಬ್ಬನ್‌ಗಳಲ್ಲಿ ಸುಮಾರು ಮೂರರಲ್ಲೊಂದು, ಮೂಳೆ ಮುರಿದು ವಾಸಿಯಾದ ಗುರುತು ಹೊತ್ತಿತ್ತು. ಅವಕ್ಕೆ ಗಂಜಿ ಕುಡಿಸಿದವರಿಲ್ಲ. ಎರಡೇ ಕಾಲಲ್ಲಿ ನಡೆಯುವ ಮನುಷ್ಯನಿಗೆ ಒಂದು ಕಾಲು ಹೋದರೆ ಆಗುವ ತೊಂದರೆ ದೊಡ್ಡದೆಂಬುದನ್ನು ಒಪ್ಪೋಣ. ಆದರೂ 'ಕಾಡಿನಲ್ಲಿ ಯಾವ ಪ್ರಾಣಿಯ ಮೂಳೆಯೂ ಕೂಡುವುದಿಲ್ಲ' ಎಂಬ ಕಥೆಯ ಅಡಿಗಲ್ಲು ಇಲ್ಲಿಗೆ ಅಲುಗಿತು.

ಅನಾಮಧೇಯ ತೊಡೆಮೂಳೆಯನ್ನು ಬಿಟ್ಟು ವಿಳಾಸವಿರುವ ಅಸ್ಥಿಪಂಜರವೊಂದಕ್ಕೆ ಬರೋಣ. ಇರಾಕಿನ ಕುರ್ದಿಸ್ತಾನದ ಬೆಟ್ಟಗಳಲ್ಲಿ ಶಾನಿದರ್ ಎಂಬ ದೊಡ್ಡ ಗುಹೆಯಿದೆ. 1951ರಿಂದ 1960ರವರೆಗೆ ಅಮೆರಿಕದ ರಾಲ್ಫ್ ಸೊಲೆಕಿ ಕುರ್ದಿ ಕೆಲಸಗಾರರೊಂದಿಗೆ ಅಲ್ಲಿ ಅಗೆಯುತ್ತಿದ್ದಾಗ, ಚಳಿಗಾಲದಲ್ಲಿ ಕುರ್ದಿ ಕುಟುಂಬಗಳು ಆಡುಕುರಿಗಳೊಂದಿಗೆ ಅದೇ ಗುಹೆಯಲ್ಲಿ ವಾಸಿಸುತ್ತಿದ್ದವು. 1957ರಲ್ಲಿ ಸಿಕ್ಕ ನಿಯಾಂಡರ್ತಲ್ ಗಂಡಸಿನ ಅಸ್ಥಿಪಂಜರಕ್ಕೆ 'ಶಾನಿದರ್ 1' ಎಂದು ಹೆಸರು. ಸುಮಾರು 45ರಿಂದ 50 ಸಾವಿರ ವರ್ಷಗಳ ಹಿಂದಿನವನು. ಎಡಗಣ್ಣಿನ ಗೂಡು ಏಟಿಗೆ ಜಜ್ಜಿ ವಾಸಿಯಾಗಿದೆ, ಆ ಕಣ್ಣು ಬಹುಶಃ ಕಾಣುತ್ತಿರಲಿಲ್ಲ. ಬಲತೋಳು ಮುರಿದು ಕೂಡಿ, ಸಣಕಲಾಗಿ, ಮೊಣಕೈ ಮೇಲಕ್ಕೇ ಮುಗಿದುಹೋಗಿದೆ. ಬಲಪಾದದ ಒಂದು ಮೂಳೆ ಮುರಿದು ಕೂಡಿದೆ, ಅದೇ ಕಾಲಿನ ಮಂಡಿ ಮತ್ತು ಹರಡಿನ ಕೀಲುಗಳು ಸವೆದಿವೆ. ಅವನಿಗೆ ಕಿವಿಯೂ ಸರಿಯಾಗಿ ಕೇಳುತ್ತಿರಲಿಲ್ಲ ಎಂಬುದನ್ನು ಕಿವಿಯ ದಾರಿಯಲ್ಲಿ ಬೆಳೆದ ಮೂಳೆಯಿಂದ ಎರಿಕ್ ಟ್ರಿಂಕಾಸ್ ಮತ್ತು ಸೆಬಾಸ್ಟಿಯನ್ ವಿಲೋಟ್ 2017ರಲ್ಲಿ ತೋರಿಸಿದರು. ಇಷ್ಟಾಗಿಯೂ ಅವನು ಬದುಕಿದ್ದು ಸುಮಾರು 40 ವರ್ಷ, ಆ ಕಾಲಕ್ಕೆ ಅದು ಮುಪ್ಪೇ.

ಸೊಲೆಕಿ 1971ರಲ್ಲಿ ಬರೆದ ಪುಸ್ತಕ ಇವನನ್ನು ಜಗತ್ತಿಗೆ ಪರಿಚಯಿಸಿತು. ಅದನ್ನು ಓದಿದವರಿಗೆ ನಿಯಾಂಡರ್ತಲರ ಮೇಲೆ ಪ್ರೀತಿ ಹುಟ್ಟದೆ ಇರದು, ಅದು ಸಣ್ಣ ಸಾಧನೆಯಲ್ಲ. ಅಲ್ಲಿಯವರೆಗೆ ನಿಯಾಂಡರ್ತಲ್ ಎಂದರೆ ಬೆನ್ನು ಬಾಗಿದ ಅರೆಮೃಗ ಎಂದೇ ಜನ ತಿಳಿದಿದ್ದರು. ಫ್ರಾನ್ಸಿನ ಲಾ ಶಪೆಲ್‌ನಲ್ಲಿ 1908ರಲ್ಲಿ ಸಿಕ್ಕ ಮುದುಕನ ಸಂಧಿವಾತದ ಮೂಳೆಗಳನ್ನು ನೋಡಿ ಮಾರ್ಸೆಲಿನ್ ಬೂಲ್ ಎಂಬ ವಿದ್ವಾಂಸ ಬರೆದ ಚಿತ್ರ ಅದು. ವಿಚಿತ್ರವೆಂದರೆ ಹಲ್ಲು ಕಳೆದುಕೊಂಡಿದ್ದ ಅದೇ ಮುದುಕನನ್ನು, ಪಂಗಡದವರು ಅಗಿದು ಉಣಿಸಿ ಸಾಕಿದರು ಎಂಬುದಕ್ಕೂ ಸಾಕ್ಷಿಯಾಗಿ ಆಮೇಲಿನವರು ನಿಲ್ಲಿಸಿದರು. ಅಗಿಯುವಷ್ಟು ಹಲ್ಲು ಅವನಿಗೆ ಇದ್ದಿರಬಹುದೆಂದು 1985ರಲ್ಲಿ ಟ್ಯಾಪೆನ್ ತೋರಿಸಿದರು. ಒಂದೇ ಮೂಳೆಗೂಡು ಒಮ್ಮೆ ಮೃಗತ್ವಕ್ಕೆ, ಒಮ್ಮೆ ಕರುಣೆಗೆ ಸಾಕ್ಷಿ ನುಡಿಯಿತು. ಸೊಲೆಕಿ ಅವರದೇ ಗುಹೆಯ 'ಹೂವಿನ ಸಮಾಧಿ'ಯದೂ ಇದೇ ಪಾಡು. ಶಾನಿದರ್ 4ರ ಸುತ್ತ ಸಿಕ್ಕ ಪರಾಗವನ್ನು ಬಂಧುಗಳು ಇಟ್ಟ ಹೂವೆಂದು ಅವರು ಓದಿದರು. ಅದು ಬಿಲ ತೋಡುವ ಇಲಿಗಳ ಕೆಲಸವಿರಬಹುದೆಂದು ಕೆಲವರು ಅನುಮಾನಿಸಿದರು. ಮಣ್ಣಿನಲ್ಲಿ ಗೂಡುಕಟ್ಟುವ ಜೇನ್ನೊಣದ ಜಾತಿಯ ಹುಳುಗಳು ತಂದಿದ್ದಿರಬಹುದೆಂದು 2023ರ ಅಧ್ಯಯನವೊಂದು ಹೇಳಿತು.

ಶಾನಿದರ್ 1ರ ಬಗ್ಗೆ ಸೊಲೆಕಿ ಓದಿದ್ದು, ಇವನು ಕೆಲಸಕ್ಕೆ ಬಾರದವನಾಗಿದ್ದರೂ ಪಂಗಡ ಇವನನ್ನು ಸಾಕಿತು ಎಂದು. 1991ರಲ್ಲಿ ಕ್ಯಾಥರೀನ್ ಡೆಟ್‌ವೈಲರ್ ಎಂಬ ಮಾನವಶಾಸ್ತ್ರಜ್ಞೆ ಒಂದು ಸಂಶೋಧನಾ ಲೇಖನದಲ್ಲಿ ಇಂಥ ಓದಿಗೇ ಸವಾಲು ಹಾಕಿದರು. ನನ್ನ ಮಟ್ಟಿಗೆ ಈ ವಿಷಯದ ಮೇಲೆ ಬಂದ ಅತ್ಯಂತ ಅಗತ್ಯದ ಬರಹ ಅದು. ಕೈಯಿಲ್ಲದವನು ಕೆಲಸಕ್ಕೆ ಬಾರದವನು ಎಂದು ನಿಮಗೆ ಮೂಳೆ ಹೇಳಿತೇ, ಅಥವಾ ಅದು ನೀವೇ ತಂದುಕೊಂಡ ಭಾವನೆಯೇ ಎಂದು ಅವರು ಕೇಳಿದಂತಿದೆ. ಶಾನಿದರ್ 1ರ ಮುಂದಿನ ಹಲ್ಲುಗಳು ವಿಪರೀತ ಸವೆದಿವೆ. ಇಲ್ಲದ ಕೈಯ ಬದಲು ಹಲ್ಲಿನಲ್ಲಿ ಹಿಡಿದು ಕೆಲಸ ಮಾಡುತ್ತಿದ್ದನೇನೋ ಎಂಬ ಊಹೆಯನ್ನು ವಿದ್ವಾಂಸರೇ ಮಾಡಿದ್ದಾರೆ. ಹಾಗಿದ್ದರೆ ಅವನು ಬರೀ ಉಣಿಸಿಕೊಂಡವನಲ್ಲ, ದುಡಿದವನೂ ಹೌದು. ಎಳೆಯರನ್ನು ನೋಡಿಕೊಂಡಿರಬಹುದು, ಬೆಂಕಿ ಕಾದಿರಬಹುದು. ಇವಕ್ಕೆ ಪುರಾವೆಯಿಲ್ಲ ನಿಜ, ಆದರೆ ಅವನು ಏನೂ ಮಾಡಲಿಲ್ಲ ಎಂಬುದಕ್ಕೂ ಪುರಾವೆಯಿಲ್ಲ. ಕೈಕಾಲು ಊನವಾದವರನ್ನು ಕಂಡರೆ ಅವರನ್ನು ನೋಡಿಕೊಳ್ಳುತ್ತಿರುವವರ ಒಳ್ಳೆಯತನವನ್ನು ಹೊಗಳಿ, ಎದುರಿಗೆ ಕೂತವರನ್ನು ಮಾತನಾಡಿಸದೆ ಎದ್ದುಬರುವ ಚಾಳಿ ನಮ್ಮ ಮನೆಗಳಲ್ಲೂ ಇದೆ. ಗುಹೆಯ ಮೂಳೆಗಳನ್ನು ಓದುವಾಗ ವಿದ್ವಾಂಸರು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.

ತೊಡೆಮೂಳೆಯ ಕಥೆಗೆ ಇನ್ನೂ ಮುಜುಗರದ ಸಂಗತಿಯೊಂದಿದೆ. ಅಲೆಮಾರಿ ಬೇಟೆಗಾರರಾಗಿದ್ದ ಆದಿಮಾನವರ ಅವಶೇಷಗಳಲ್ಲಿ ತಲೆಯ ಮತ್ತು ತೋಳಿನ ವಾಸಿಯಾದ ಗಾಯಗಳು ಬಹಳ, ಕಾಲಿನ ದೊಡ್ಡ ಗಾಯಗಳು ವಿರಳ. ನಡೆಯಲಾರದಷ್ಟು ಪೆಟ್ಟಾದವರು ದಾರಿಯಲ್ಲೇ ಉಳಿದುಹೋಗಿರಬಹುದು ಎಂಬ ಸಾಧ್ಯತೆಯನ್ನು ಟ್ರಿಂಕಾಸ್ ಮುಂದಿಟ್ಟಿದ್ದಾರೆ. ಹಾಗೆಂದು ಅವರು ಕಟುಕರು ಎನ್ನುವುದೂ ಸಲ್ಲದು. ಇಡೀ ಪಂಗಡ ನೀರು ಹುಡುಕಿ ನಡೆಯುವಾಗ ನಿಲ್ಲುವುದೆಂದರೆ ಏನೆಂದು ಸೂರಿನಡಿ ಕೂತ ನಾವು ಹೇಗೆ ಬಲ್ಲೆವು?

ಹಾಗಾದರೆ ಆರೈಕೆಯನ್ನು ಮೂಳೆಯಲ್ಲಿ ಓದಲು ಸಾಧ್ಯವೇ ಇಲ್ಲವೇ? ಇದೆ, ಆದರೆ ತಾಳ್ಮೆ ಬೇಕು. ಆಸ್ಟ್ರೇಲಿಯಾದ ಲೋರ್ನಾ ಟಿಲ್ಲಿ ಅದಕ್ಕೊಂದು ಕ್ರಮ ಹಾಕಿಕೊಟ್ಟರು. ಮೊದಲು ರೋಗ ಗುರುತಿಸಬೇಕು. ಆ ಸ್ಥಿತಿಯವರು ಅಂಥ ಜಾಗದಲ್ಲಿ ಯಾವ ಕೆಲಸ ತಾವೇ ಮಾಡಬಲ್ಲರು, ಯಾವುದಕ್ಕೆ ಇನ್ನೊಬ್ಬರ ಕೈ ಬೇಕೇಬೇಕು ಎಂದು ಒಂದೊಂದಾಗಿ ಕೇಳಬೇಕು. ಆಮೇಲಷ್ಟೇ ಆರೈಕೆ ಎಂಬ ಪದ. ಉತ್ತರ ವಿಯೆಟ್ನಾಂನ ಮಾನ್ ಬಾಕ್‌ನಲ್ಲಿ ಸಿಕ್ಕ, ಸುಮಾರು 4,000 ವರ್ಷಗಳ ಹಿಂದಿನ ಯುವಕನ ಬಗ್ಗೆ ಟಿಲ್ಲಿ ಮತ್ತು ಮಾರ್ಕ್ ಆಕ್ಸೆನ್‌ಹ್ಯಾಮ್ 2011ರಲ್ಲಿ ಬರೆದರು. ಅವನದು ಮುರಿದ ಮೂಳೆಯಲ್ಲ, ಹುಟ್ಟಿನಿಂದ ಬಂದ ಬೆನ್ನುಮೂಳೆಯ ತೊಂದರೆ. ಹರೆಯದಲ್ಲಿ ಸೊಂಟದ ಕೆಳಗೆ ಪೂರ್ತಿ ಸ್ವಾಧೀನ ತಪ್ಪಿ, ಕೈಗಳೂ ಹೆಚ್ಚು ಆಡದ ಸ್ಥಿತಿಯಲ್ಲಿ ಸುಮಾರು ಹತ್ತು ವರ್ಷ ಬದುಕಿದ. ಹೊರಳಿಸದೆ, ತೊಳೆಯದೆ, ಹುಣ್ಣಾಗದಂತೆ ನೋಡದೆ ಹತ್ತು ವರ್ಷ ಹಾಗೆ ಬದುಕಲಾಗದು. ಇಲ್ಲಿ ಗಿಬ್ಬನ್‌ನ ಉದಾಹರಣೆ ನಡೆಯುವುದಿಲ್ಲ. ಬೋರ್ನಿಯೊದ ಲಿಯಾಂಗ್ ತೆಬೊ ಗುಹೆಯಲ್ಲಿ ಸಿಕ್ಕವರದು ಇನ್ನೂ ಹಳೆಯ ಸಾಕ್ಷ್ಯ, 31,000 ವರ್ಷದ್ದು. 2022ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಎಳೆಯ ವಯಸ್ಸಿನಲ್ಲೇ ಎಡಗಾಲಿನ ಕೆಳಭಾಗವನ್ನು ಕತ್ತರಿಸಿ ತೆಗೆಯಲಾಗಿತ್ತು. ಮೂಳೆಯ ತುದಿ ನಯವಾಗಿ ಮುಚ್ಚಿಕೊಂಡಿದೆ, ಜಜ್ಜಿದ ಗುರುತಿಲ್ಲ, ಕೀವಿನ ಸೋಂಕಿನ ಗುರುತೂ ಇಲ್ಲ. ಆಮೇಲೆ ಆರರಿಂದ ಒಂಬತ್ತು ವರ್ಷ ಬದುಕಿದ್ದಾರೆ, ಗುಡ್ಡಗಾಡಿನ ಆ ನೆಲದಲ್ಲಿ.

ಬ್ರ್ಯಾಂಡ್ ಹೇಳಿದ ರೂಪದಲ್ಲಿ, ಕೂಡಿದ ಮೂಳೆಗಳು 'ಅನಾಗರಿಕ' ಸಮಾಜಗಳಲ್ಲಿ ಸಿಗುವುದಿಲ್ಲ, ಅಲ್ಲಿ ಸಿಗುವುದು ಬಾಣ ಹೊಕ್ಕ, ಒಡೆದ ಬುರುಡೆಗಳು ಎಂಬ ಮಾತೂ ಇದೆ. ಹಂಚಿಕೊಳ್ಳುವವರು ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಸಮೋವಾ, ನ್ಯೂಗಿನಿಯ ಜನರ ನಡುವೆ ಬದುಕಿ ಬರೆದ ಮೀಡ್ ಹೀಗೆ ಹೇಳಿದ್ದರೆಂದು ನಂಬುವುದು ಕಷ್ಟ. ಶಾನಿದರ್‌ನವರಿಗಾಗಲಿ ಲಿಯಾಂಗ್ ತೆಬೊದವರಿಗಾಗಲಿ ಊರಿರಲಿಲ್ಲ, ಹೊಲವಿರಲಿಲ್ಲ, ಲಿಪಿಯಿರಲಿಲ್ಲ. ಆರೈಕೆಯನ್ನು ನಾಗರಿಕತೆಯ ಖಾತೆಗೆ ಬರೆದುಕೊಂಡ ಕೂಡಲೇ ಇವರೆಲ್ಲ ಬೇಲಿಯ ಆಚೆ ಉಳಿಯುತ್ತಾರೆ.

ಬೇಲಿಯ ಆಚೆ ಉಳಿಯುವವರು ಇನ್ನೂ ಇದ್ದಾರೆ. ತೊಡೆ ಮುರಿದವಳನ್ನು ಹತ್ತು ದಿನ ಹೊತ್ತು ನಡೆದರು, ನೀರು ಕುಡಿಸಿದರು, ಹನ್ನೊಂದನೆಯ ದಿನ ಜ್ವರ ಬಂದು ಸತ್ತಳು ಎಂದುಕೊಳ್ಳಿ. ಅವಳ ಮೂಳೆ ಕೂಡಿರುವುದಿಲ್ಲ. ಸಾವಿರಾರು ವರ್ಷದ ನಂತರ ಅದನ್ನು ಎತ್ತಿಕೊಂಡವರಿಗೆ ಕಾಣುವುದು ಮುರಿದ, ಚೂಪು ಅಂಚಿನ ಒಂದು ತೊಡೆಮೂಳೆ ಮಾತ್ರ.