ರಾಗದ ಹೆಸರು ಬಲ್ಲ ಪ್ಲೇಯರ್

ಮನೆಯ ಕಂಪ್ಯೂಟರಿಗೆ ಒಳ್ಳೆಯ ಸ್ಪೀಕರ್ ಜೋಡಿಸಿದವರು ಪ್ಲೇಯರ್ ತಂತ್ರಾಂಶವನ್ನು ಆರಿಸುವಾಗ ನೋಡಬೇಕಾದದ್ದು ದನಿಗಿಂತ ಹೆಚ್ಚಾಗಿ ಅದು ಸಂಗೀತವನ್ನು ಜೋಡಿಸಿಡುವ ಬಗೆಯನ್ನು. ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಸ್ ಧ್ವನಿಯನ್ನು ಫ್ಲಾಕ್ ಕಡತ ಚೂರೂ ಕಳೆಯದೆ ಕಾಪಾಡುತ್ತದೆ. ಅದನ್ನು ತಿದ್ದದೆ ದಾಟಿಸುವ ಯಾವ ಪ್ಲೇಯರಾದರೂ ಕಿವಿಗೆ ಒಂದೇ. ವಿಂಡೋಸ್ ಕಂಪ್ಯೂಟರುಗಳಿಗೆ ಉಚಿತವಾಗಿ ಸಿಗುವ ಫೂಬಾರ್ 2000 ನನಗೆ ಮೆಚ್ಚುಗೆಯಾಗುವುದು ಬೇರೆ ಗುಣಗಳಿಗೆ. ರಾಗ, ತಾನ, ಪಲ್ಲವಿ ಮೂರು ಕಡತಗಳಾಗಿ ಹಂಚಿಹೋಗಿದ್ದರೂ ನಡುವೆ ಮೌನದ ಬಿರುಕು ಬೀಳದಂತೆ ಅದು ನುಡಿಸುತ್ತದೆ. ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ತೋರಿಸುತ್ತದೆ. ರಾಗ, ತಾಳ, ಅಂಕಿತ ಎಂಬ ವಿವರಗಳನ್ನು ನಾವೇ ಸೇರಿಸಿಕೊಂಡರೆ, ‘ಪುರಂದರ ವಿಠಲ’ ಅಂಕಿತದ ಪದಗಳನ್ನೆಲ್ಲ ಯಾರು ಹಾಡಿದ್ದರೂ ಒಂದೆಡೆ ಕೇಳಬಹುದು.

ಮೊಬೈಲಿನ ಸಂಗೀತ ಆ್ಯಪ್‌ಗಳಲ್ಲಿ ಕೋಟಿ ಹಾಡು ಸಿಗುವಾಗ ಈ ಶ್ರಮವೇಕೆ ಎನ್ನಬಹುದು. ಅಲ್ಲಿ ವಿಂಗಡಣೆ ಕಂಪನಿಯದು. ಹಕ್ಕಿನ ಒಪ್ಪಂದ ಮುಗಿದರೆ ಹಾಡೂ ಮಾಯ. ಮನೆಯ ಡಿಸ್ಕಿನಲ್ಲಿರುವ ಸಂಗೀತವಾದರೋ ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ಇಂಟರ್ನೆಟ್ ಕೈಕೊಟ್ಟರೂ ನಿಲ್ಲದು. ವಿವರ ತುಂಬುವುದು ಬೇಸರದ ಕೆಲಸ, ನಿಜ. ಆದರೆ ಇದು ಕಲ್ಯಾಣಿಯೋ ಮೋಹನವೋ ಎಂದು ಗುರುತಿಸಿ ಬರೆಯುವಷ್ಟರಲ್ಲಿ ಕಿವಿಯೂ ಕಲಿಯುತ್ತದೆ. ಹಾಗೆ ಕಲಿಸುವ ಸಾಧನವೇ ಒಳ್ಳೆಯ ಸಾಧನ.