125 ಪಟ್ಟು ಜೂಮ್: ದೊಡ್ಡದಾದದ್ದೇನು, ಸ್ಪಷ್ಟವಾದದ್ದೇನು?

ವಿದ್ಯಾರ್ಥಿಯೊಬ್ಬ ತನ್ನ ಚಿಕ್ಕಪ್ಪನ ಜೂಮ್ ಕ್ಯಾಮೆರಾದಲ್ಲಿ ತೆಗೆದ ವಿಡಿಯೊ ತೋರಿಸಿ, ನಕ್ಷತ್ರ ನಿಜವಾಗಿ ಹೀಗಿರುತ್ತದೆಯೇ ಎಂದು ಕೇಳಿದ. ಲುಬ್ಧಕ ನಕ್ಷತ್ರ ಬಣ್ಣಬಣ್ಣದ ದೊಡ್ಡ ಬಿಲ್ಲೆಯಾಗಿ, ನೀರಿನಲ್ಲಿ ಅದ್ದಿದಂತೆ ಅಲೆಯಾಡುತ್ತಿತ್ತು. ಭೂಮಿ ಚಪ್ಪಟೆ ಎಂದು ವಾದಿಸುವವರು ಇಂಥ ಚಿತ್ರಗಳನ್ನೇ ಸಾಕ್ಷ್ಯವೆಂದು ಹಂಚುತ್ತಾರೆ. ಅವನಿಗೆ ಉತ್ತರ ಕೊಡುವ ಮೊದಲು ಇಂಥ ಕ್ಯಾಮೆರಾ ಏನನ್ನು ಕೊಡಬಲ್ಲದು ಎಂದು ಲೆಕ್ಕ ಹಾಕಬೇಕಾಯಿತು.

ಈ ವರ್ಗದ ಪ್ರಸಿದ್ಧ ಉದಾಹರಣೆ 2018ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ1000. 2025ರ ಪಿ1100ರಲ್ಲೂ ಅದೇ ಮಸೂರವಿದೆ. ಮಸೂರದಿಂದಲೇ ಸಿಗುವ ಜೂಮ್ 125 ಪಟ್ಟು. '24ರಿಂದ 3000 ಮಿಲಿಮೀಟರ್' ಎಂಬುದು ಜಾಹೀರಾತಿನ ಭಾಷೆ. ವಾಸ್ತವದಲ್ಲಿ ಸಂಗಮ ದೂರ 4.3ರಿಂದ 539 ಮಿ.ಮೀ. ಮಾತ್ರ. 3000 ಎನ್ನುವುದು 35 ಮಿ.ಮೀ. ಫಿಲ್ಮ್ ಕ್ಯಾಮೆರಾಕ್ಕೆ ಹೋಲಿಸಿದ ಸಂಖ್ಯೆ. ಸಂವೇದಕ ಬೆರಳಿನ ಉಗುರಿಗಿಂತ ಚಿಕ್ಕದು, ಸುಮಾರು 6.2 × 4.6 ಮಿ.ಮೀ. ಅಷ್ಟು ಜಾಗದಲ್ಲಿ 1.6 ಕೋಟಿ ಪಿಕ್ಸೆಲ್‌ಗಳು; ಒಂದೊಂದರ ಅಗಲ 1.34 ಮೈಕ್ರೊಮೀಟರ್.

ಪೂರ್ಣ ಜೂಮ್‌ನಲ್ಲಿ ಎಫ್-ಸಂಖ್ಯೆ 8. ಅಂದರೆ ಬೆಳಕು ಒಳಬರುವ ದ್ವಾರದ ವ್ಯಾಸ 539 ÷ 8 = 67 ಮಿ.ಮೀ. ಇಲ್ಲಿಂದ ಮುಂದೆ ತಯಾರಕರ ಜಾಣ್ಮೆ ನಡೆಯದು, ವಿವರ್ತನೆಯ ನಿಯಮ ನಡೆಯುತ್ತದೆ. ಬಿಂದುವಿನ ಬಿಂಬ ಬಿಂದುವಾಗದೆ ಪುಟ್ಟ ಬಿಲ್ಲೆಯಾಗುತ್ತದೆಂದು ಜಾರ್ಜ್ ಏರಿ 1835ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಬಿಲ್ಲೆಯ ವ್ಯಾಸ 2.44 × ತರಂಗಾಂತರ × ಎಫ್-ಸಂಖ್ಯೆ. 0.55 ಮೈಕ್ರೊಮೀಟರ್ ತರಂಗಾಂತರದ ಹಸಿರು ಬೆಳಕಿಗೆ ಇದು 10.7 ಮೈಕ್ರೊಮೀಟರ್, ಎಂದರೆ ಎಂಟು ಪಿಕ್ಸೆಲ್‌ಗಳ ಅಗಲ! ಮಸೂರ ಎಷ್ಟೇ ದೋಷರಹಿತವಾಗಿದ್ದರೂ ಈ ತುದಿಯಲ್ಲಿ ಅದು ಒದಗಿಸುವ ವಿವರಕ್ಕೆ ತಾತ್ತ್ವಿಕವಾಗಿ ಸುಮಾರು 60 ಲಕ್ಷ ಪಿಕ್ಸೆಲ್ ಸಾಕು. ಉಳಿದ ಒಂದು ಕೋಟಿ, ಮಸುಕನ್ನೇ ನುಣುಪಾಗಿ ದಾಖಲಿಸುತ್ತವೆ. ಅಗಲ ಕೋನದ ತುದಿಯಲ್ಲಿ ಎಫ್-ಸಂಖ್ಯೆ 2.8, ಬಿಲ್ಲೆ ಮೂರು ಪಿಕ್ಸೆಲ್‌ನೊಳಗೆ ಹಿಡಿಯುವುದರಿಂದ ಅಲ್ಲಿ ಈ ದೂರಿಲ್ಲ.

ಇದರ ಮೇಲೆ ಮತ್ತೆ 4 ಪಟ್ಟು 'ಡಿಜಿಟಲ್ ಜೂಮ್'. ಇದರಲ್ಲಿ ಮಸೂರ ಕದಲುವುದೇ ಇಲ್ಲ. ಚಿತ್ರದ ನಡುವಿನ ಹದಿನಾರನೆಯ ಒಂದು ಭಾಗವನ್ನು, ಅಂದರೆ ಹತ್ತು ಲಕ್ಷ ಪಿಕ್ಸೆಲ್‌ಗಳನ್ನು ಕತ್ತರಿಸಿ ಹಿಗ್ಗಿಸಿ, ತೆರವಾದ ಸ್ಥಾನಗಳಿಗೆ ನೆರೆಯ ಪಿಕ್ಸೆಲ್‌ಗಳಿಂದ ಅಂದಾಜು ಬೆಲೆ ತುಂಬಲಾಗುತ್ತದೆ. ಪಠ್ಯಪುಸ್ತಕದ ಪುಟವನ್ನು ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿದರೆ ಹೊಸ ವಾಕ್ಯ ಸಿಕ್ಕೀತೇ? ಈ ಸೌಲಭ್ಯವನ್ನು ಮೆನುವಿನಲ್ಲಿ ಮುಚ್ಚಿಡುವುದೇ ಲೇಸು.

ಇದನ್ನೆಲ್ಲ ಶಾಲೆಯ ಮೈದಾನದಲ್ಲೇ ಪರೀಕ್ಷಿಸಬಹುದು. ರ್ಯಾಲೆ ಮಾನದಂಡದಂತೆ 67 ಮಿ.ಮೀ. ದ್ವಾರ ಬೇರ್ಪಡಿಸಬಲ್ಲ ಅತಿ ಕಿರಿಯ ಕೋನ ರೇಡಿಯನ್ನಿನ ಲಕ್ಷದಲ್ಲೊಂದು ಭಾಗ. 100 ಮೀಟರ್ ದೂರದಲ್ಲಿ ಸರಿಯಾಗಿ 1 ಮಿ.ಮೀ. ಹಾಳೆಯ ಮೇಲೆ ಮಧ್ಯದಿಂದ ಮಧ್ಯಕ್ಕೆ 1, 2, 3, 4 ಮಿ.ಮೀ. ಅಂತರವಿರುವ ಕಪ್ಪು ಗೆರೆಗಳ ಗುಂಪುಗಳನ್ನು ಮುದ್ರಿಸಿ, 100 ಮೀಟರ್ ಆಚೆಯ ಗೋಡೆಗೆ ಅಂಟಿಸಿ. ಕ್ಯಾಮೆರಾ ಗಟ್ಟಿ ಮುಕ್ಕಾಲಿಯ ಮೇಲಿರಲಿ, ಐಎಸ್‌ಒ 100 ಇರಲಿ, ಟೈಮರ್ ಬಳಸಿ. ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ತೆಗೆಯಿರಿ. ಮುಂಜಾನೆ 2 ಮಿ.ಮೀ. ಗೆರೆಗಳು ಬಿಡಿಬಿಡಿಯಾಗಿ ಕಂಡರೆ ಮಸೂರ ಒಳ್ಳೆಯದು; 1 ಮಿ.ಮೀ. ಗೆರೆಗಳು ಮಸುಕಾಗಿ ಕಂಡರೂ ಮೆಚ್ಚಬೇಕು. ಮಧ್ಯಾಹ್ನ ಅವೇ ಗೆರೆಗಳು ಕಾದ ನೆಲದ ಗಾಳಿಯಲ್ಲಿ ಕದಡಿಹೋಗುತ್ತವೆ. ಆ ತಪ್ಪು ಕ್ಯಾಮೆರಾದ್ದಲ್ಲ. ಐಎಸ್‌ಒ 1600ರಲ್ಲೂ ಒಂದು ಚಿತ್ರ ತೆಗೆದು ಹೋಲಿಸಿ. ಪುಟ್ಟ ಸಂವೇದಕದ ಕಾಳುಕಾಳನ್ನು ಒರೆಸುವ ತಂತ್ರಾಂಶ, ಜೊತೆಗೆ ಸಣ್ಣ ವಿವರಗಳನ್ನೂ ಒರೆಸಿರುತ್ತದೆ.

ಹಾಗೆಂದು ಇದು ಕೆಟ್ಟ ಕ್ಯಾಮೆರಾ ಅಲ್ಲ. 67 ಮಿ.ಮೀ. ದ್ವಾರವೆಂದರೆ ಸಣ್ಣ ದೂರದರ್ಶಕಕ್ಕೆ ಸಮ. ಹುಣ್ಣಿಮೆಯ ಚಂದ್ರನ ಬಿಂಬ 4.9 ಮಿ.ಮೀ. ಆಗಿ ಸಂವೇದಕದ ಎತ್ತರವನ್ನೇ ಮೀರುತ್ತದೆ. ಗುರುವಿನ ನಾಲ್ಕು ಉಪಗ್ರಹಗಳು, ಶನಿಯ ಬಳೆ ಸಿಗುತ್ತವೆ. ಬೆಳಕಿದ್ದರೆ ದೂರದ ಹಕ್ಕಿಗೂ ಒಳ್ಳೆಯದು. 1.6 ಕೋಟಿ ಪಿಕ್ಸೆಲ್ ನಂಬಿ ದೊಡ್ಡ ಭಿತ್ತಿಚಿತ್ರ ಮುದ್ರಿಸಲು ಹೊರಟರೆ ಮಾತ್ರ ನಿರಾಶೆ.

ಇನ್ನು ಲುಬ್ಧಕ. ಅದರ ಕೋನೀಯ ವ್ಯಾಸ ಸುಮಾರು 0.006 ಆರ್ಕ್ ಸೆಕೆಂಡ್. ಕ್ಯಾಮೆರಾದ ಮಿತಿ 2 ಆರ್ಕ್ ಸೆಕೆಂಡ್. ಮುನ್ನೂರು ಪಟ್ಟಿಗೂ ಮೀರಿದ ಅಂತರ. ಹುಡುಗ ಕಂಡ ಬಿಲ್ಲೆ ನಕ್ಷತ್ರದ್ದಲ್ಲ, ಫೋಕಸ್ ತಪ್ಪಿದ ಮಸೂರದ ದ್ವಾರದ್ದು. ಅಲೆಯೂ ಬಣ್ಣವೂ ನಮ್ಮ ವಾಯುಮಂಡಲದವು. ಸ್ವಯಂಚಾಲಿತ ಫೋಕಸ್ ಬಿಟ್ಟು ಕೈಯಿಂದಲೇ ಹೊಂದಿಸಿ ತೆಗೆ ಎಂದೆ. ಎರಡು ದಿನ ಬಿಟ್ಟು ತಂದ ಚಿತ್ರದಲ್ಲಿ ಲುಬ್ಧಕ ಒಂದು ಚುಕ್ಕೆಯಾಗಿತ್ತು.