ಹಳೆಯ ಕಂಪ್ಯೂಟರಿಗೆ ಲಿನಕ್ಸ್: ಒಂದು ರೂಢಿಯ ಮೌಲ್ಯಮಾಪನ

ಕೆಡದೆ ಓಡುತ್ತಿರುವ ಕಂಪ್ಯೂಟರನ್ನು ಕಾಲ ಮೀರಿದ್ದೆಂದು ತೀರ್ಮಾನಿಸುವ ಅಧಿಕಾರ ಇಂದು ಯಂತ್ರ ತಯಾರಿಸಿದವರಿಗಿಂತ ಹೆಚ್ಚಾಗಿ ಆಪರೇಟಿಂಗ್ ಸಿಸ್ಟಮ್ ಒದಗಿಸುವವರ ಕೈಯಲ್ಲಿದೆ. ಆಪರೇಟಿಂಗ್ ಸಿಸ್ಟಮ್ ಎಂದರೆ ಯಂತ್ರದ ಬಿಡಿಭಾಗಗಳಿಗೂ ಬಳಕೆದಾರನ ತಂತ್ರಾಂಶಗಳಿಗೂ ನಡುವೆ ನಿಂತು ಎರಡನ್ನೂ ನಡೆಸುವ ಮೂಲ ತಂತ್ರಾಂಶ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಆದರೋ ಗುಪ್ತ ಕೀಲಿಗಳನ್ನು ಕಾಯುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ, ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದರ ಮುಂದಿನ ಪ್ರೊಸೆಸರನ್ನೂ ಕೇಳುತ್ತದೆ. ಈ ಗೆರೆಯ ಆಚೆ ಉಳಿದ ಸೆಕೆಂಡ್ ಹ್ಯಾಂಡ್ ಯಂತ್ರಗಳಿಗೆ ವಿಂಡೋಸ್ ತೆಗೆದು, ಉಚಿತವಾಗಿ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕುವುದೇ ಮದ್ದೆಂಬ ಮಾತು ರೂಢಿಯಾಗಿದೆ. ಆ ಮಾತು ಸುಳ್ಳಲ್ಲ. ಆದರೆ ಅದರ ಪರವಾಗಿ ಸಾಮಾನ್ಯವಾಗಿ ಮುಂದಿಡುವ ವೇಗ ಮತ್ತು ಉಚಿತ ಎಂಬ ಎರಡು ಕಾರಣಗಳೂ ಅದರ ನಿಜವಾದ ಬೆಲೆಯನ್ನು ತಿಳಿಸುವುದಿಲ್ಲ.

ಇದನ್ನು ಪರಿಶೀಲಿಸಲು ಚೆನ್ನೈ ತಕ್ಕ ಊರು. ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಆಧಾರದ ಮೇಲೆ, ಕನ್ನಡವೂ ಸೇರಿ ಭಾರತೀಯ ಭಾಷೆಗಳ ಬೆಂಬಲದೊಂದಿಗೆ ರೂಪುಗೊಂಡ ‘ಬಾಸ್’ ವ್ಯವಸ್ಥೆಯನ್ನು ಸಿದ್ಧಪಡಿಸಿದ್ದು ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರ. 2011ರಲ್ಲಿ ಆರಂಭವಾದ ತಮಿಳುನಾಡು ಸರ್ಕಾರದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ವಿಂಡೋಸ್ ಜೊತೆಗೆ ಬಾಸ್ ಕೂಡ ವಿದ್ಯಾರ್ಥಿಗಳ ಕೈ ಸೇರಿತು. 2014ರಲ್ಲಿ ವಿಂಡೋಸ್ ಎಕ್ಸ್‌ಪಿಯ ಬೆಂಬಲ ನಿಂತಾಗ ಅದೇ ಸರ್ಕಾರ ತನ್ನ ಇಲಾಖೆಗಳಿಗೆ ಬಾಸ್ ಅಳವಡಿಸಿಕೊಳ್ಳುವಂತೆ ಸೂಚಿಸಿತ್ತು. ಹೀಗಾಗಿ ಈ ಊರಿಗೆ ಪರ್ಯಾಯದ ಕೊರತೆ ಎಂದೂ ಇರಲಿಲ್ಲ. ಆದರೆ ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳಿದ್ದಾಗ ಬಳಕೆದಾರ ಕೈಗೆ ಒಗ್ಗಿದ್ದರ ಕಡೆಗೇ ವಾಲುತ್ತಾನೆ; ತಂತ್ರಾಂಶ ಕೊಟ್ಟಷ್ಟಕ್ಕೆ ಅಭ್ಯಾಸ ಬದಲಾಗುವುದಿಲ್ಲ.

ಅಭ್ಯಾಸವನ್ನು ಕಟ್ಟಿಹಾಕುವುದು ಮೇಜಿನ ಮೇಲಿನ ಕೆಲಸ. 1996ರಲ್ಲಿ ಕೊತ್ತವಾಲ್ ಚಾವಡಿಯಿಂದ ಕೋಯಂಬೇಡಿಗೆ ಬಂದ ತರಕಾರಿ, ಹಣ್ಣು, ಹೂವಿನ ಸಗಟು ಮಾರುಕಟ್ಟೆಯಲ್ಲಿನ ಒಂದು ಮಂಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಅಲ್ಲಿನ ಲೆಕ್ಕದ ಮೇಜಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ರಿಚಿ ಸ್ಟ್ರೀಟಿನಿಂದ ಹಳೆಯ ಯಂತ್ರವೊಂದು ಬಂದಿದೆಯೆಂದು ಭಾವಿಸಬಹುದು. ಬ್ಯಾಂಕಿನ ವೆಬ್‌ಸೈಟು, ವಾಟ್ಸಾಪ್ ವೆಬ್, ದರಪಟ್ಟಿಯ ತಖ್ತೆ, ಪತ್ರವ್ಯವಹಾರ, ಇವೆಲ್ಲ ಬ್ರೌಸರಿನಲ್ಲೋ ಲಿಬ್ರೆ ಆಫೀಸಿನಲ್ಲೋ ನಡೆಯುವುದರಿಂದ ಲಿನಕ್ಸಿನಲ್ಲಿ ಅಡ್ಡಿಯಿಲ್ಲ. ಆದರೆ ಖಾತೆಗಳು ಟ್ಯಾಲಿಯಲ್ಲಿದ್ದರೆ ಪ್ರಶ್ನೆಯೇ ಬೇರೆಯಾಗುತ್ತದೆ. ಬೆಂಗಳೂರಿನಲ್ಲಿ ಬೆಳೆದ ಆ ಲೆಕ್ಕಪತ್ರ ತಂತ್ರಾಂಶದ ಇಂದಿನ ಆವೃತ್ತಿಗಳು ವಿಂಡೋಸಿಗಾಗಿಯೇ ರಚಿತವಾದವು. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ಓಡಿಸಲು ಯತ್ನಿಸುವ ‘ವೈನ್’ ಎಂಬ ಪದರದ ಮೇಲೆ ಅದನ್ನು ನಡೆಸಬಹುದೆಂದು ಯಾರಾದರೂ ಹೇಳಿದರೂ, ದಿನದ ಕೊನೆಗೆ ರೈತನಿಗೆ ಪಟ್ಟಿ ಕೊಡಬೇಕಾದ ಗುಮಾಸ್ತನಿಗೆ ಪ್ರಯೋಗ ಮಾಡುವಷ್ಟು ಪುರಸೊತ್ತಿರುವುದಿಲ್ಲ. ಅಂಥ ಮೇಜಿನಲ್ಲಿ ವ್ಯವಸ್ಥೆ ಬದಲಿಸುವುದು ದುಡುಕು.

ವೇಗದ ವಾದಕ್ಕೂ ತಿದ್ದುಪಡಿ ಬೇಕು. ಹಳೆಯ ಯಂತ್ರ ನಿಧಾನವಾಗಲು ಬಹುಮಟ್ಟಿಗೆ ಕಾರಣ ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕು ಮತ್ತು ಸಾಲದ ರ‍್ಯಾಮು. ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಸಂಗ್ರಹ, ಕೂರಿಸಿದರೆ ಯಾವ ವ್ಯವಸ್ಥೆಯೇ ಇರಲಿ ಯಂತ್ರ ಚುರುಕಾಗುತ್ತದೆ. ಎಸ್‌ಎಸ್‌ಡಿ ಹಾಕಿ, ಅದೇ ಹೊತ್ತಿಗೆ ಲಿನಕ್ಸನ್ನೂ ಹಾಕಿ, ಬಂದ ವೇಗವನ್ನೆಲ್ಲ ಲಿನಕ್ಸಿನ ಖಾತೆಗೆ ಬರೆಯುವುದು ನ್ಯಾಯವಲ್ಲ. ಎಕ್ಸ್‌ಎಫ್‌ಸಿಇಯಂಥ ಹಗುರ ಡೆಸ್ಕ್‌ಟಾಪ್ ಪರದೆ ರ‍್ಯಾಮನ್ನು ಉಳಿಸುವುದು ನಿಜವಾದರೂ ಬ್ರೌಸರಿನ ಹಸಿವು ಎಲ್ಲ ವ್ಯವಸ್ಥೆಗಳಲ್ಲೂ ಒಂದೇ. ಲಿನಕ್ಸ್ ಎಷ್ಟು ಹಳೆಯದನ್ನಾದರೂ ಉಳಿಸುತ್ತದೆಂಬ ನಂಬಿಕೆಯೂ ಈಗ ಪೂರ್ತಿ ನಿಲ್ಲದು: 2025ರ ಆಗಸ್ಟಿನಲ್ಲಿ ಬಿಡುಗಡೆಯಾದ ಡೆಬಿಯನ್ 13, 32 ಬಿಟ್‌ನ ಹಳೆಯ ಇಂಟೆಲ್ ಮಾದರಿಯ ಯಂತ್ರಗಳಿಗೆ ಅನುಸ್ಥಾಪಕವನ್ನು ಕೊಡುವುದನ್ನೇ ನಿಲ್ಲಿಸಿದೆ.

ರೂಢಿಯ ಗುಣದೋಷಗಳು ಸ್ಪಷ್ಟವಾಗುವುದು ಅನುಸ್ಥಾಪನೆಯ ವಿವರಗಳಲ್ಲಿ. ಪೆನ್‌ಡ್ರೈವಿನಿಂದಲೇ ವ್ಯವಸ್ಥೆಯನ್ನು ಚಾಲೂ ಮಾಡಿ, ಡಿಸ್ಕಿನಲ್ಲಿರುವುದನ್ನು ಮುಟ್ಟದೆ, ಧ್ವನಿ, ಪ್ರಿಂಟರು, ವೈಫೈ ಪರೀಕ್ಷಿಸುವ ‘ಲೈವ್’ ಕ್ರಮ ಲಿನಕ್ಸಿನ ದೊಡ್ಡ ಸೌಜನ್ಯ. ಆದರೂ ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್‌ಗಳಿಗೆ ಬೇಕಾದ ಡ್ರೈವರನ್ನು ಬೇರೆಯಾಗಿ ಇಳಿಸಿಕೊಳ್ಳಬೇಕಾಗುತ್ತದೆ, ಅದನ್ನು ಇಳಿಸಲು ಬೇಕಾದ ಇಂಟರ್ನೆಟ್ಟು ಆ ವೈಫೈ ಇಲ್ಲದೆ ಬಾರದು. ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಸಂಪರ್ಕ ಪಡೆಯುವ ಉಪಾಯ ಬಲ್ಲವರಿಗೆ ಇದು ಸಣ್ಣ ತೊಡಕು, ಅರಿಯದವರಿಗೆ ಕೆಲಸವೇ ನಿಂತಂತೆ. ಹಿಂದಿನ ಮಾಲೀಕರ ದಾಖಲೆಗಳನ್ನು ಅಳಿಸಲು ಬರಿಯ ಫಾರ್ಮ್ಯಾಟ್ ಸಾಲದು, ಹಾರ್ಡ್ ಡಿಸ್ಕಿನ ಮೇಲೆ ಮತ್ತೆ ಬರೆದು ಒರೆಸಬೇಕೆಂಬುದನ್ನೂ ಅವಸರದ ಅನುಸ್ಥಾಪಕರು ಮರೆಯುತ್ತಾರೆ.

ಚೆನ್ನೈನ ಕನ್ನಡಿಗರಿಗೆ ಭಾಷೆಯ ಪ್ರಶ್ನೆ ಇದಕ್ಕೆ ಸೇರುತ್ತದೆ. ಐಬಸ್ ಎಂಬ ಅಕ್ಷರ ನಮೂದಿನ ವ್ಯವಸ್ಥೆಯಲ್ಲಿ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ವಿನ್ಯಾಸ ದೊರೆಯುವುದರಿಂದ, ‘ನುಡಿ’ ತಂತ್ರಾಂಶದಲ್ಲಿ ಕೈ ಪಳಗಿದವರು ಕೀಲಿಗಳನ್ನು ಹೊಸದಾಗಿ ಕಲಿಯಬೇಕಿಲ್ಲ. ತೊಡಕಿರುವುದು, ಎಲ್ಲ ಲಿಪಿಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯುನಿಕೋಡ್‌ಗೆ ಮೊದಲಿನ ನುಡಿ ಫಾಂಟಿನ ಹಳೆಯ ಕಡತಗಳಲ್ಲಿ. ಆ ಫಾಂಟನ್ನು ನಕಲು ಮಾಡಿ ಹಾಕಿದರೆ ಅವು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿಯೇ ಉಳಿದು, ಹೆಸರೊಂದನ್ನು ಕನ್ನಡದಲ್ಲಿ ಟೈಪಿಸಿ ಹುಡುಕಿದರೆ ಸಿಗುವುದಿಲ್ಲ. ಅವನ್ನು ಯುನಿಕೋಡ್‌ಗೆ ಪರಿವರ್ತಿಸುವ ಕೆಲಸ ವ್ಯವಸ್ಥೆ ಬದಲಿಸುವ ಮೊದಲೇ ಮುಗಿಯಬೇಕು.

ಪರವಾನಗಿ ಉಚಿತವಾದರೂ ಪರಿಚರ್ಯೆ ಉಚಿತವಲ್ಲವೆಂಬುದು ಇಷ್ಟರಿಂದ ತಿಳಿಯುತ್ತದೆ. ಪ್ರಿಂಟರು ಮುನಿದಾಗ, ಪಾಸ್‌ವರ್ಡು ಮರೆತಾಗ, ಅಪ್‌ಡೇಟು ಅರ್ಧಕ್ಕೆ ನಿಂತಾಗ ಕರೆದರೆ ಬರುವವರು ವಿಂಡೋಸಿಗೆ ಬೀದಿಬೀದಿಗೂ ಸಿಗುತ್ತಾರೆ, ಲಿನಕ್ಸಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ವ್ಯವಸ್ಥೆ ಬದಲಿಸಿಕೊಟ್ಟವನೇ ಮುಂದಿನ ಹೊಣೆಗಾರನೂ ಆಗುತ್ತಾನೆ. ಆ ಹೊಣೆಯನ್ನು ಹೊರುವವರಿದ್ದು ಕೆಲಸವೂ ಬ್ರೌಸರು, ಬರವಣಿಗೆ, ಓದಿನ ಮಟ್ಟದ್ದಾಗಿದ್ದರೆ, ಇನ್ನೂ ಕೆಲವು ವರ್ಷ ಭದ್ರತಾ ತಿದ್ದುಪಡಿಗಳೊಡನೆ ಬಾಳಬಲ್ಲ ಯಂತ್ರವನ್ನು ಇ-ತ್ಯಾಜ್ಯಕ್ಕೆ ತಳ್ಳುವುದಕ್ಕಿಂತ ಲಿನಕ್ಸ್ ಹಾಕುವುದು ಎಲ್ಲ ದೃಷ್ಟಿಯಿಂದಲೂ ಮೇಲು. ವಿಂಡೋಸಿಗೆ ಕಟ್ಟುಬಿದ್ದ ಒಂದೇ ಒಂದು ತಂತ್ರಾಂಶದ ಮೇಲೆ ಜೀವನೋಪಾಯ ನಿಂತಿದ್ದರೆ, ಹಳೆಯ ಯಂತ್ರವನ್ನು ಮನೆಯ ಮಕ್ಕಳ ಓದಿಗೆ ಬಿಟ್ಟು, ಲೆಕ್ಕದ ಮೇಜಿಗೆ ಬೆಂಬಲವುಳ್ಳ ಯಂತ್ರವನ್ನು ಕೊಳ್ಳುವುದೇ ವಿವೇಕ.